ಪೂವಮ್ಮ ಒಬ್ಬಳೇ ತಿಂದ ಹಂದಿ

ಪೂವಮ್ಮನ ಬಲಗೈಯ ತೋರುಬೆರಳು ಅರ್ಧಕ್ಕೆ ನಿಂತಿದೆ. ಉಳಿದರ್ಧ ಪಾದೆಮೂಲೆಯ ಅವಳ ಮರಗೆಣಸಿನ ಸಾಲಿನಲ್ಲಿ ಎಲ್ಲೋ ಇದೆ. ಕೋವಿಯ ನಳಿಗೆ ಸಿಡಿದ ದಿನ ಸ್ವಲ್ಪ ಹೊತ್ತು ಹುಡುಕಿದ್ದಳು, ಸಿಗಲಿಲ್ಲ. “ಗೊಬ್ಬರ ಆಯ್ತು” ಎಂದು ಕೈಗೆ ಬಟ್ಟೆ ಸುತ್ತಿಕೊಂಡು ಹಟ್ಟಿಗೆ ಹೋಗಿ ಎಡಗೈಯಲ್ಲಿ ಹಾಲು ಕರೆದಳು. ಮಾತಿನ ಮಧ್ಯೆ ಆ ಅರ್ಧ ಬೆರಳನ್ನು ಎದುರಿನವರ ಮೂಗಿನ ನೇರಕ್ಕೆ ಹಿಡಿಯುವುದು ಅವಳ ಅಭ್ಯಾಸ. ಪೂರ್ತಿ ಬೆರಳಿಗಿಂತ ಅರ್ಧ ಬೆರಳಿಗೆ ಜನ ಹೆಚ್ಚು ಹೆದರುತ್ತಾರೆ ಎಂಬುದು ಅವಳ ಅನುಭವ.

ಕಲ್ಲುಗುಂಡಿ ಕಡೆಯ ತವರಿನಿಂದ ಸುಳ್ಯ ಪೇಟೆಯ ಅಂಚಿನ ಈ ಪಾದೆಮೂಲೆಗೆ ಸೊಸೆಯಾಗಿ ಬಂದ ವರ್ಷವೇ ಅವಳು ನೆರೆಮನೆಯ ಹೋರಿಯ ಕೊಂಬು ಮುರಿದಳು. ಹೋರಿ ಬಸಳೆ ಚಪ್ಪರಕ್ಕೆ ನುಗ್ಗಿತ್ತು. ಹೋರಿಯ ಯಜಮಾನ ಜಗಳಕ್ಕೆ ಬಂದವನು ಕೊಂಬು ನೋಡಿ, ಅವಳ ಕೈಯಲ್ಲಿದ್ದ ಒನಕೆ ನೋಡಿ, “ಅದು ಹೇಗೂ ಅಲುಗಾಡ್ತಾ ಇತ್ತು” ಎಂದು ಹೋದ. ಅತ್ತೆಮಾವಂದಿರು ಅವತ್ತಿನಿಂದ ಬಹಳ ಒಳ್ಳೆಯವರಾದರು. ಮುಂದೊಂದು ದಿನ ಜಾಗ ಅಳೆಯಲು ಬಂದ ಸರ್ವೆಯವನು ಗಡಿಕಲ್ಲನ್ನು ಒಳಗೆ ನಡೆಸಲು ನೋಡಿದಾಗ ಅವನಿಗೂ ಕತ್ತಿಯ ಬೆನ್ನಿನಿಂದ ಎರಡು ಬಿಟ್ಟಳು. ಬೆನ್ನಿನಿಂದ ಹೊಡೆದರೆ ಕೇಸಾಗುವುದಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ಕೇಸಾಯಿತು, ದಂಡ ಕಟ್ಟಿದಲ್ಲಿಗೆ ಮುಗಿಯಿತು.

ಗಂಡ ಜತ್ತಪ್ಪ ಇದಕ್ಕೆಲ್ಲ ವಿರುದ್ಧ. ಇರುವೆ ಕಚ್ಚಿದರೆ ಇರುವೆಯನ್ನೇ ಸಮಾಧಾನ ಮಾಡುವ ಜಾತಿ. ಅಂಥವನ ಹೆಸರಿನಲ್ಲಿ ಅಪ್ಪನ ಕಾಲದ ಒಂಟಿನಳಿಗೆ ಕೋವಿ ಇತ್ತು, ಬೆಳೆ ರಕ್ಷಣೆಗೆಂದು ಸರಕಾರ ಪರವಾನಿಗೆ ಕೊಟ್ಟದ್ದು. ಒಂದು ಸಂಜೆ ಮರಗೆಣಸಿಗೆ ಬಿದ್ದ ಒಂಟಿ ಹಂದಿಗೆ ಅವನು ಗುರಿ ಹಿಡಿದ. ತೋಟೆ ಹಳತಾಗಿತ್ತು, ಸಿಡಿಯಲಿಲ್ಲ. ಹಂದಿ ಸಿಡಿಯಿತು. ಪೂವಮ್ಮ ಓಡಿ ಬರುವಾಗ ಜತ್ತಪ್ಪ ಗೆಣಸಿನ ಗಿಡಗಳ ನಡುವೆ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ, ಕೈಯೊಳಗೆ ಹಿಡಿಸದಷ್ಟು ಹೊರಗೆ ಬಂದಿತ್ತು. “ಗಿಡಕ್ಕೆ ಎಂತ ಆಗ್ಲಿಲ್ಲ” ಎಂದ. ಅದೇ ಅವನ ಕೊನೆಯ ಮಾತು.

ಗಂಡನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುವಾರ ಪೂವಮ್ಮ ಕೋವಿಯನ್ನು ತನ್ನ ಹೆಸರಿಗೆ ಮಾಡಿಸಲು ಹೋದಳು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿ, “ನಿಮಗೆ ಹೊಡೆಯಲು ಬರ್ತದಾ ಅಮ್ಮ?” ಎಂದು ಕೇಳಿದರು.

“ಯಾರಿಗೆ?” ಎಂದಳು ಪೂವಮ್ಮ.

ಪರವಾನಿಗೆ ಸಿಕ್ಕಿತು. ನಳಿಗೆ ಸಿಡಿದು ಬೆರಳು ಹೋದ ಮೇಲೆ ಬೇರೆ ನಳಿಗೆ ಹಾಕಿಸಿ, ನಡುಬೆರಳಿನಿಂದ ಕೋವಿಯ ಕುದುರೆ ಎಳೆಯುವುದನ್ನು ಕಲಿತಳು. ಪಾದೆಮೂಲೆಯ ಮರಗೆಣಸು ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ಚಿಪ್ಸ್ ಅಂಗಡಿ ಇಟ್ಟಿರುವ ಆದಂ ಕುಂಞಿ ಎಂಬ ಮುಸಲ್ಮಾನ ಬ್ಯಾರಿಯ ಬಾಣಲೆಗೆ ತಪ್ಪದೆ ಹೋಗುತ್ತಿತ್ತು. ಬದುಕು ನಡೆಯುತ್ತಿತ್ತು.

ಪೇಟೆ ಬೆಳೆಯುತ್ತಿದೆ ಎಂಬುದು ಮೊದಲು ಗೊತ್ತಾದದ್ದು ಹಂದಿಗಳಿಗೆ. ಪೂವಮ್ಮನ ಜಾಗದ ಹಿಂದಿನ ಗುಡ್ಡವನ್ನು ಜೆಸಿಬಿ ಬಗೆದು ಸೈಟುಗಳಾಗಿ ಕತ್ತರಿಸಿದಾಗ ಗುಡ್ಡದಲ್ಲಿದ್ದವು ಕೆಳಗಿಳಿದವು. ಗುಡ್ಡ ಬಗೆಸಿದವನು ಜತ್ತಪ್ಪನ ಅಣ್ಣನ ಮಗ ಜಯಪ್ರಕಾಶ. ಒಂದಷ್ಟು ಮನೆಗಳು ಎದ್ದೂ ಆಯಿತು. ಆದರೆ ಮೇಲಿನ ಸೈಟುಗಳಿಗೆ ಅಗಲದ ರಸ್ತೆ ಇರಲಿಲ್ಲ. ರಸ್ತೆಗೆ ಇದ್ದ ದಾರಿ ಒಂದೇ, ಚಿಕ್ಕಮ್ಮನ ಮರಗೆಣಸಿನ ಮೇಲಿನಿಂದ.

ಆ ಹೊತ್ತಿಗೆ ಸರಿಯಾಗಿ ಪೇಟೆಗೆ ಹೊಸ ನಕ್ಷೆ ಬಂತು. ಕೃಷಿಗೆ ಹಸಿರು, ವಾಸಕ್ಕೆ ಹಳದಿ; ಹಳದಿ ಬಿದ್ದರೆ ಜಾಗಕ್ಕೆ ಬೆಲೆ. ನಮ್ಮ ಪೇಟೆಯವರು ಜೀವಮಾನದಲ್ಲಿ ನಕ್ಷೆ ನೋಡಿದವರಲ್ಲ. ಆದರೂ ಗೋಡೆಗೆ ಅಂಟಿಸಿದ ಆ ಕಾಗದದ ಮುಂದೆ ಜಾತಕ ನೋಡುವವರ ಹಾಗೆ ಸಾಲಾಗಿ ನಿಂತು, ಹಳದಿ ಬಿದ್ದವರು ಕಾಪಿ ಕುಡಿಸಿದರು, ಹಸಿರು ಬಿದ್ದವರು ಕುಡಿದರು. ಪೂವಮ್ಮನ ಜಾಗ ಹಳದಿಯಾಗಿತ್ತು. ನಡುವಿನಿಂದ ಒಂದು ಕೆಂಪು ಗೆರೆ, ರಸ್ತೆ.

“ಪ್ರಕಾಶ, ನನ್ನ ಜಾಗಕ್ಕೆ ಅರಸಿನ ಹಚ್ಚಿದ್ದು ಯಾರು?” ಎಂದು ಅವಳು ಅಂಗಳದಲ್ಲಿ ನಿಂತು ಕೇಳಿದಳು.

“ನಾನೆಂತ ಮಾಡುದು ಚಿಕ್ಕಮ್ಮ, ಅದು ಉಪಗ್ರಹದಿಂದ ನೋಡಿ ಮಾಡುದು.”

“ಉಪಗ್ರಹಕ್ಕೆ ನನ್ನ ಮರಗೆಣಸು ಕಾಣುದಿಲ್ವಾ?”

“ಮೇಲಿಂದ ನೋಡಿದ್ರೆ ಅದು ಕಾಡಿನ ಹಾಗೆ ಕಾಣ್ತದೆ.”

“ಕಾಡಿನ ಹಾಗೆ ಕಂಡದ್ದಕ್ಕೆ ಹಳದಿ ಹಚ್ಚುದಾ? ನಿನ್ನ ಉಪಗ್ರಹಕ್ಕೆ ಕಾಮಾಲೆ ಉಂಟಾ ಅಂತ ನೋಡು.”

ಜಯಪ್ರಕಾಶ ನಕ್ಕ. ಚಿಕ್ಕಮ್ಮ ಕಲ್ಲು ಹೆಕ್ಕಲು ಬಗ್ಗಿದ್ದು ಕಂಡು ನಗು ನಿಲ್ಲಿಸಿ ಬೈಕ್ ಹತ್ತಿದ. ಕಲ್ಲು ಹಿಂದಿನ ದೀಪಕ್ಕೆ ತಾಗಿತು.

ನಕ್ಷೆಯ ಪೆಟ್ಟು ಎಲ್ಲಿ ಬೀಳುತ್ತದೆಂದು ತಿಳಿದದ್ದು ಕೋವಿಯ ಪರವಾನಿಗೆ ನವೀಕರಿಸಲು ಹೋದಾಗ. “ಇದು ಬೆಳೆ ರಕ್ಷಣೆಯ ಕೋವಿ. ನಿಮ್ಮದು ವಾಸದ ವಲಯ. ವಾಸದ ವಲಯದಲ್ಲಿ ಎಂತ ಬೆಳೆ?” ಎಂದು ಗುಮಾಸ್ತ ಕೇಳಿದ. ಅದರ ಜೊತೆಗೆ ಗುಡ್ಡದ ಹೊಸ ಮನೆಗಳವರು ಈಡಿನ ಶಬ್ದಕ್ಕೆ ನಿದ್ದೆ ಬರುವುದಿಲ್ಲ ಎಂದು ಸಹಿ ಹಾಕಿ ಕೊಟ್ಟ ಅರ್ಜಿಯೂ ಇತ್ತು. ನಕ್ಷೆಯ ಮೇಲಿನ ಆಕ್ಷೇಪಗಳ ಸಭೆ ಮುಗಿಯುವ ತನಕ ಕೋವಿಯನ್ನು ಪೊಲೀಸ್ ಸ್ಟೇಷನಿನಲ್ಲಿ ಇಡಬೇಕು ಎಂದಾಯಿತು. ಪೂವಮ್ಮ ಕೋವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟು, ಪೊಲೀಸನಿಗೆ ಅರ್ಧ ಬೆರಳು ತೋರಿಸಿ, “ಎಣ್ಣೆ ಹಾಕ್ತಾ ಇರು” ಎಂದು ಬಂದಳು.

ಅಲ್ಲಿಂದ ನೇರ ಆದಂ ಕುಂಞಿಯ ಅಂಗಡಿಗೆ ಹೋದಳು. ಅವನು ಬಾಣಲೆಯಿಂದ ಕಣ್ಣು ತೆಗೆಯದೆ ಎಲ್ಲ ಕೇಳಿಸಿಕೊಂಡ.

“ಪೂವಮ್ಮಕ್ಕ, ನಿಮಗೆ ಆಟ ಅರ್ಥ ಆಗ್ಲಿಲ್ಲ. ಕೋವಿ ಹೋದ್ರೆ ಹಂದಿ ಬರ್ತದೆ. ಹಂದಿ ಬಂದ್ರೆ ಗೆಣಸು ಹೋಗ್ತದೆ. ಗೆಣಸು ಹೋದ್ರೆ ಜಾಗ ಹಾಳು ಬೀಳ್ತದೆ. ಹಾಳು ಬಿದ್ದ ಜಾಗದಲ್ಲಿ ರಸ್ತೆ ಮಾಡುದು ಪುಣ್ಯದ ಕೆಲಸ. ನಿಮ್ಮ ಪ್ರಕಾಶನಿಗೆ ಸಂಬಳ ಇಲ್ಲದ ಆಳು ಸಿಕ್ಕಿದ್ದಾರೆ ಮಾರಾಯ್ರೆ, ನಾಲ್ಕು ಕಾಲಿನವು.”

ಪೂವಮ್ಮ ಬಾಣಲೆಯ ಕಡೆ ನೋಡಿದಳು. ಆಮೇಲೆ, “ಬ್ಯಾರಿಗಳೇ, ಆ ಸೌಟು ಇಲ್ಲಿ ಕೊಡಿ” ಎಂದಳು.

“ಎಂತಕ್ಕೆ?”

“ಅವನ ತಲೆಗೆ.”

“ಅದು ಬೇಡ. ಸಭೆಯಲ್ಲಿ ಹೋಗಿ ಹೇಳಿ. ಬೆಳೆ ಉಂಟು, ಹಂದಿ ಉಂಟು, ಇದು ಕೃಷಿ ಜಾಗ ಅಂತ ಸಾಬೀತು ಮಾಡಿದ್ರೆ ಹಸಿರು ಆಗ್ತದೆ. ಇಲ್ಲದಿದ್ರೆ ನಾನೂ ಹೋದೆ. ಹೊರಗಿನ ಗೆಣಸು ಹುರಿದ್ರೆ ಕಹಿ ಬರ್ತದೆ.”

ಸಭೆಗೆ ಇನ್ನೂ ಸಮಯವಿತ್ತು. ಹಂದಿಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪ್ರತಿ ಬೆಳಿಗ್ಗೆ ಒಂದೊಂದು ಸಾಲು ಮಗುಚಿ ಬಿದ್ದಿರುತ್ತಿತ್ತು.

ಒಂದು ಬೆಳಿಗ್ಗೆ ಪೂವಮ್ಮ ಸೊಸೈಟಿಗೆ ಹಾಲು ಕೊಟ್ಟು ಹಿಂದೆ ಬರುವಾಗ ಜಯಪ್ರಕಾಶ ಗೆಣಸಿನ ನಡುವೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ. ಕೊನೆಯಲ್ಲಿ ಒಂದು ರಾಶಿ ಕಲ್ಲು ಆಗಲೇ ಬಿದ್ದಿತ್ತು. ಅವಳು ಹಾಲಿನ ಪಾತ್ರೆ ಕೆಳಗಿಟ್ಟಳು. ಅವನು ಊರಿದ್ದ ಗೂಟವೊಂದನ್ನು ಕಿತ್ತು ಹೆಗಲಿಗೆ ಬಾರಿಸಿದಳು.

“ಅಯ್ಯಮ್ಮಾ! ಚಿಕ್ಕಮ್ಮ, ಬರೀ ಗುರುತು ಮಾಡುದು!”

“ನಾನೂ ಬರೀ ಗುರುತು ಮಾಡುದೇ” ಎಂದು ಇನ್ನೊಂದು ಬಾರಿಸಿದಳು.

ಆಗ ಗೆಣಸಿನ ಗಿಡಗಳು ತಾವಾಗಿ ಅಲುಗಿದವು. ಗೂಟದ ಸದ್ದಿಗೆ ಎದ್ದದ್ದು ಒಂಟಿ ಹಂದಿ, ಕೆಸರು ಒಣಗಿದ ಹೆಗಲು, ಬಾಯಿಯ ಎರಡೂ ಬದಿ ಹಳದಿ ಕೋರೆ. ಜಯಪ್ರಕಾಶ ಓಡಿದ. ಓಡಬಾರದಿತ್ತು. ಹಂದಿ ಹಿಂದಿನಿಂದ ಬಂದು ಅವನ ತೊಡೆಯನ್ನು ಮೊಣಕಾಲಿನ ಮೇಲಿನಿಂದ ಸೊಂಟದವರೆಗೆ ಚೀಲ ಹರಿದ ಹಾಗೆ ಹರಿಯಿತು, ಎತ್ತಿ ಒಗೆಯಿತು, ಬಿದ್ದವನ ಮೇಲೆ ಮತ್ತೆ ತಿರುಗಿತು.

“ಚಿಕ್ಕಮ್ಮಾ! ಕೋವಿ! ಕೋವಿ ತನ್ನಿ!”

“ಕೋವಿ ಸ್ಟೇಷನಿನಲ್ಲಿ ಉಂಟು!” ಎಂದು ಪೂವಮ್ಮ ಕಿರುಚಿದಳು.

ಹುಲ್ಲು ಕೊಯ್ಯಲೆಂದು ಸೊಂಟಕ್ಕೆ ಸಿಕ್ಕಿಸಿದ್ದ ಕತ್ತಿ ಕೈಗೆ ಬಂದಿತ್ತು. ಆದರೂ ಒಂದು ಉಸಿರಿನಷ್ಟು ಹೊತ್ತು ಅವಳು ನಿಂತಲ್ಲೇ ನಿಂತಳು. ಅಷ್ಟು ಹೊತ್ತು ಹಂದಿ ತನ್ನ ಪಕ್ಷದ್ದು ಅನ್ನಿಸಿತ್ತು. ಆಮೇಲೆ ಅವನ ಎರಡೂ ಕೈ ತೊಡೆಯನ್ನು ಹಿಡಿದುಕೊಂಡದ್ದು ಕಂಡಿತು. ಜತ್ತಪ್ಪ ಹೊಟ್ಟೆ ಹಿಡಿದುಕೊಂಡದ್ದೂ ಹಾಗೆಯೇ.

ಮೊದಲ ಏಟು ಒಣಗಿದ ಕೆಸರಿನ ಮೇಲೆ ಜಾರಿತು. ಎರಡನೆಯದು ಕಿವಿಯನ್ನು ಹಾರಿಸಿತು. ಹಂದಿ ಅವಳ ಕಡೆಗೆ ತಿರುಗಿತು, ಅವಳು ನೀರು ಹರಿಯುವ ಕಣಿಗೆ ಮಗುಚಿ ಬಿದ್ದಳು, ಅದು ಅವಳ ಮೇಲೆ ಬಿತ್ತು. ಬಿಸಿ ಉಸಿರು, ಹುಳಿ ವಾಸನೆ. ಬಿದ್ದಲ್ಲಿಂದಲೇ ಕುತ್ತಿಗೆಗೆ ಕಡಿದಳು, ಮತ್ತೆ ಕಡಿದಳು, ಅದು ಅಲುಗದೆ ಆದ ಮೇಲೂ ಕಡಿಯುತ್ತಿದ್ದಳು, ಗಂಡನ ಹೆಸರು ಹಿಡಿದು ಬೈಯುತ್ತಿದ್ದಳು. ಎದ್ದು ನೋಡಿದರೆ ಸುಣ್ಣದ ಗೆರೆ ಕೆಂಪಾಗಿತ್ತು. ನಕ್ಷೆಯಲ್ಲಿ ರಸ್ತೆಗೆ ಹಾಕಿದ್ದ ಬಣ್ಣವೇ.

ಸೆರಗು ಹರಿದು ಜಯಪ್ರಕಾಶನ ತೊಡೆಗೆ ಬಿಗಿದಳು. ಕಣ್ಣು ಮುಚ್ಚಲು ಹೊರಟವನ ಕೆನ್ನೆಗೆ ಎರಡೂ ಕಡೆ ಬಾರಿಸಿದಳು. “ಸಾಯಬೇಡ ಮಾರಾಯ! ನೀನು ಸತ್ತರೆ ನಾನೇ ಕೊಂದದ್ದು ಅಂತ ಇಡೀ ಸುಳ್ಯ ನಂಬ್ತದೆ!”

ಕಿರುಚಾಟಕ್ಕೆ ಗುಡ್ಡದ ಮನೆಗಳವರು ಓಡಿ ಬಂದರು. ಗಾಯಾಳುವನ್ನು ರಿಕ್ಷಾದಲ್ಲಿ ಹಾಕಿ ಪುತ್ತೂರಿನ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಎಲ್ಲರೂ ಹಂದಿಯ ಸುತ್ತ ನಿಂತರು. ಕಾನೂನಿನ ಪ್ರಕಾರ ಅರಣ್ಯ ಇಲಾಖೆಗೆ ತಿಳಿಸಬೇಕೆಂದು ಎಲ್ಲರಿಗೂ ಗೊತ್ತಿತ್ತು. ಯಾರೋ ಒಬ್ಬರು, “ಬಿಸಿಲು ಏರ್ತಾ ಉಂಟು” ಎಂದರು. ಅಷ್ಟೇ ಸಾಕಾಯಿತು.

ನಮ್ಮ ಕಡೆ ಬೇಟೆಯ ಪಾಲಿಗೆ ಒಂದು ನ್ಯಾಯವಿದೆ. ಹೊಡೆದವರಿಗೆ ತಲೆ, ನಾಯಿಗೂ ಒಂದು ಪಾಲು, ಪ್ರಾಣಿಯ ಬಾಲ ಕತ್ತರಿಸುವುದರೊಳಗೆ ಬಂದು ಯಾರು ಅದನ್ನು ಮುಟ್ಟುತ್ತಾರೋ ಅವರಿಗೂ ಒಂದು ಪಾಲು. ಕೆಲಸಕ್ಕೆ ಹೊರಟು ಇಸ್ತ್ರಿ ಹಾಕಿ ನಿಂತವರೂ ಬಗ್ಗಿ ಮುಟ್ಟಿದರು. ಈಡಿನ ಶಬ್ದಕ್ಕೆ ನಿದ್ದೆ ಬರುವುದಿಲ್ಲ ಎಂದು ಸಹಿ ಹಾಕಿದವರೆಲ್ಲ ಮುಟ್ಟಿದರು. ಗುಡ್ಡದಲ್ಲೇ ಮನೆ ಮಾಡಿದ್ದ ಫಾರೆಸ್ಟ್ ಗಾರ್ಡ್ ತಿರುಮಲೇಶ್ವರ ಸ್ಕೂಟರಿನಲ್ಲಿ ಆ ದಾರಿಯಾಗಿ ಹೋಗುತ್ತ, ಅವತ್ತು ಆಕಾಶವನ್ನು ಬಹಳ ಆಸಕ್ತಿಯಿಂದ ನೋಡಿದ. ಅವನ ಹೆಂಡತಿ ಮುಟ್ಟಿಯಾಗಿತ್ತು.

“ಪ್ರಕಾಶನಿಗೂ ಒಂದು ಪಾಲು ತೆಗೀರಿ” ಎಂದಳು ಪೂವಮ್ಮ. “ಅವನಿಗಿಂತ ಹತ್ತಿರದಿಂದ ಇದನ್ನು ಮುಟ್ಟಿದವರು ಯಾರುಂಟು?”

ಆ ಪಾಲನ್ನು ಅವಳೇ ಹುರಿದು ಟಿಫಿನ್ ಕ್ಯಾರಿಯರಿನಲ್ಲಿ ಆಸ್ಪತ್ರೆಗೆ ಒಯ್ದಳು. ಜಯಪ್ರಕಾಶ ದಿಂಬಿಗೆ ಒರಗಿ ತನ್ನನ್ನು ಹರಿದದ್ದನ್ನು ತಾನೇ ಹರಿದು ತಿಂದ.

“ಸಭೆಗೆ ಬರ್ತೀಯಾ?”

“ಬರ್ತೇನೆ ಚಿಕ್ಕಮ್ಮ. ನಿಮಗೆ ತೊಂದರೆ ಆಗದ ಹಾಗೆಯೇ ಹೇಳ್ತೇನೆ.”

ಪೂವಮ್ಮ ನಂಬಿದಳು. ಅವಳ ಜೀವನದಲ್ಲಿ ಅಪರೂಪಕ್ಕೆ ಮಾಡಿದ ಅಹಿಂಸೆ ಅದು.

ಸಭೆಯ ದಿನ ಸಭಾಭವನ ತುಂಬಿತ್ತು. ನಮ್ಮವರು ಇಂಥ ಸಭೆಗೆ ಹೋಗುವುದು ಆಕ್ಷೇಪಕ್ಕಿಂತ ಹೆಚ್ಚಾಗಿ ಯಾರು ಯಾರಿಗೆ ಬೈಯುತ್ತಾರೆಂದು ಕೇಳಲಿಕ್ಕೆ. ಮೇಲಿನಿಂದ ಬಂದ ಅಧಿಕಾರಿ ಪೂವಮ್ಮನ ಹೆಸರು ಕರೆದರು.

“ನನ್ನದು ಕೃಷಿ ಜಾಗ ಸ್ವಾಮಿ. ಹಂದಿ ಬರ್ತದೆ ಅಂದ್ರೆ ಬೆಳೆ ಉಂಟು ಅಂತಲೇ ಲೆಕ್ಕ. ಇವನನ್ನೇ ಕೇಳಿ, ಇವನ ತೊಡೆ ಹರಿದದ್ದು ಅಲ್ಲೇ.”

ಜಯಪ್ರಕಾಶ ಊರುಗೋಲು ಊರಿ ಎದ್ದ. ಚಿಕ್ಕಮ್ಮನಿಗೆ ಉಪಕಾರ ಮಾಡುವವನ ಮುಖ. “ಹಂದಿ ಇಲ್ಲ ಸರ್. ನಾನು ಬೈಕಿನಿಂದ ಬಿದ್ದದ್ದು.”

ಹಂದಿ ಇಲ್ಲ ಎಂದರೆ ಮಾಂಸದ ಕೇಸೂ ಇಲ್ಲ, ಚಿಕ್ಕಮ್ಮ ಜೈಲಿಗೂ ಹೋಗುವುದಿಲ್ಲ, ಜಾಗವೂ ಹಳದಿಯಲ್ಲೇ ಉಳಿಯುತ್ತದೆ. ಒಂದೇ ಮಾತಿಗೆ ಇಷ್ಟೆಲ್ಲ ಲಾಭ. ಅಧಿಕಾರಿ ಗುಡ್ಡದವರನ್ನು ನೋಡಿದರು. “ಹಂದಿಯಾ? ನಾವು ನೋಡ್ಲೇ ಇಲ್ಲ” ಎಂದರು ಎಲ್ಲರೂ ಒಟ್ಟಿಗೆ, ಪ್ರಾರ್ಥನೆಯ ಹಾಗೆ. ತಿರುಮಲೇಶ್ವರ ಎದ್ದು, “ದಾಖಲೆಯಲ್ಲಿ ಇಲ್ಲ ಸರ್” ಎಂದು ಸಭಾಭವನದ ಫ್ಯಾನನ್ನು ನೋಡುತ್ತ ಕೂತ.

ಪೂವಮ್ಮ ಜಯಪ್ರಕಾಶನ ಊರುಗೋಲನ್ನು ಎಳೆದುಕೊಂಡಳು. ಅವನು ಬಿದ್ದ. ಬಿದ್ದವನಿಗೆ ಅದರಲ್ಲೇ ಒಂದು ಬಿತ್ತು. ಬಿಡಿಸಲು ಬಂದವನ ಮೂಗಿಗೆ ಇನ್ನೊಂದು. ಮೂಗಿನಿಂದ ರಕ್ತ ಇಳಿದವನು ತನ್ನ ಹಿಂದಿದ್ದವನೇ ಹೊಡೆದದ್ದೆಂದು ತಿಳಿದು ಅವನ ಅಂಗಿ ಹಿಡಿದ. ಹಸಿರು ಬಿದ್ದವರಿಗೆ ಹಳದಿ ಬಿದ್ದವರ ಮೇಲೆ ಇದ್ದ ಸಿಟ್ಟಿಗೆ ಇಷ್ಟು ದಿನ ನೆಪವಿರಲಿಲ್ಲ. ಈಗ ಸಿಕ್ಕಿತು. ಪ್ಲಾಸ್ಟಿಕ್ ಕುರ್ಚಿಗಳು ಹಾರಿದವು. ಒಬ್ಬರ ಹಲ್ಲು ನೀರಿನ ಜಗ್ಗಿನೊಳಗೆ ಬಿತ್ತು. ನಮ್ಮಂಥ ಹೆದರುಪುಕ್ಕಲರು ಮೇಜಿನ ಅಡಿಗೆ ಹೋದರೆ ಅಲ್ಲಿ ಅಧಿಕಾರಿ ಆಗಲೇ ಇದ್ದರು. ನಕ್ಷೆ ನಡುವಿನಿಂದ ಹರಿಯಿತು.

ಆದಂ ಕುಂಞಿ ಉಳಿದಿದ್ದ ಒಂದು ಕುರ್ಚಿಯ ಮೇಲೆ ಹತ್ತಿ ನಿಂತ. ಜಗಳ ನಿಲ್ಲಿಸಬೇಕು, ಪೂವಮ್ಮಕ್ಕನ ಜಾಗ ಉಳಿಸಬೇಕು, ಎರಡೂ ಒಟ್ಟಿಗೆ ಆಗಬೇಕು. ಅಷ್ಟೇ ಅವನ ತಲೆಯಲ್ಲಿದ್ದದ್ದು.

“ನಿಲ್ಲಿಸಿ! ನಾನು ಸತ್ಯ ಹೇಳ್ತೇನೆ! ಈ ಸಭೆಯಲ್ಲಿ ಆ ಹಂದಿಯನ್ನು ತಿನ್ನದವನು ನಾನೊಬ್ಬನೇ! ನನಗೆ ಸುಳ್ಳು ಹೇಳುವ ಅಗತ್ಯ ಇಲ್ಲ!”

ಎತ್ತಿದ ಕುರ್ಚಿಗಳು ಎತ್ತಿದಲ್ಲೇ ನಿಂತವು. ಅಧಿಕಾರಿಯ ತಲೆ ಮೇಜಿನ ಅಡಿಯಿಂದ ನಿಧಾನವಾಗಿ ಮೇಲೆ ಬಂತು.

“ಒಂದು ನಿಮಿಷ. ಆತ್ಮರಕ್ಷಣೆಗೆ ಕಾಡುಪ್ರಾಣಿ ಕೊಂದರೆ ಕಾನೂನು ಕ್ಷಮಿಸಬಹುದು. ತಿಂದರೆ ಕ್ಷಮಿಸುವುದಿಲ್ಲ. ನೀವೊಬ್ಬರೇ ತಿನ್ನದವರು ಅಂದರೆ, ಉಳಿದವರು?”

ಆದಂ ಕುಂಞಿ ಬಾಯಿಗೆ ಕೈ ಇಟ್ಟುಕೊಂಡು ಕುರ್ಚಿಯಿಂದ ಇಳಿದ. ಸಭೆಯಲ್ಲಿ ಯಾರೋ ತೇಗಿದ್ದು ಕೇಳಿಸಿತು. ತಿರುಮಲೇಶ್ವರನ ಮುಖ ಸುಣ್ಣದ ಹಾಗಾಯಿತು. ಪೂವಮ್ಮ ಒಬ್ಬೊಬ್ಬರನ್ನೇ ನೋಡಿದಳು. ಇವರೆಲ್ಲ ತನ್ನ ಕೋವಿ ತೆಗೆಸಿದವರು, ತನ್ನ ಹಂದಿ ತಿಂದವರು, ಈಗಷ್ಟೇ ಹಂದಿಯೇ ಇಲ್ಲ ಎಂದವರು. ಬಾಯಿ ತೆರೆದರೆ ಎಲ್ಲರೂ ಒಳಗೆ. ಊರುಗೋಲನ್ನು ಗೋಡೆಗೆ ಒರಗಿಸಿಟ್ಟಳು.

“ಉಳಿದವರೂ ತಿನ್ನಲಿಲ್ಲ ಸ್ವಾಮಿ. ಬ್ಯಾರಿಗಳು ಗಡಿಬಿಡಿಯಲ್ಲಿ ಹೇಳಿದ್ದು. ಹಂದಿ ಇತ್ತು, ನಾನೇ ಕಡಿದದ್ದು, ನಾನೊಬ್ಬಳೇ ತಿಂದದ್ದು.”

“ಎಷ್ಟು ದೊಡ್ಡದಿತ್ತು?”

“ಇವನನ್ನು ಎತ್ತಿ ಬಿಸಾಡುವಷ್ಟು.”

“ಅಷ್ಟನ್ನೂ ಒಬ್ಬರೇ?”

“ಹಸಿವಿತ್ತು.” ಅರ್ಧ ಬೆರಳು ಅಧಿಕಾರಿಯ ಮೂಗಿನ ನೇರಕ್ಕೆ ಬಂತು. “ನನ್ನ ಗಂಡನ ಹೊಟ್ಟೆ ಬಗೆದ ಜಾತಿ ಅದು. ಅದಕ್ಕೆ ಒಂದು ಹಿಡಿ ಜಾಸ್ತಿಯೇ ತಿಂದೆ.” ಸೆರಗಿನ ಗಂಟು ಬಿಚ್ಚಿ ಹಳದಿ ಕೋರೆಯೊಂದನ್ನು ಹರಿದ ನಕ್ಷೆಯ ಮೇಲೆ ಇಟ್ಟಳು. “ಇದೊಂದು ಅಗಿಯಲಿಕ್ಕೆ ಆಗ್ಲಿಲ್ಲ. ಬರ್ಕೊಳ್ಳಿ, ಹಂದಿ ಇತ್ತು ಅಂತ. ಬೆಳೆ ಇಲ್ಲದ ಕಡೆ ಅದು ಉಪಗ್ರಹ ನೋಡ್ಲಿಕ್ಕೆ ಬಂದದ್ದಾ?”

ನೆಲದಲ್ಲಿ ಕೂತಿದ್ದ ಜಯಪ್ರಕಾಶ ಕೊನೆಗೆ ತಲೆ ಎತ್ತಿದ. ಪಂಚೆ ಸರಿಸಿ ತೊಡೆ ತೋರಿಸಿದ. ಹೊಡೆದಾಟದಲ್ಲಿ ಹೊಲಿಗೆ ಬಿಟ್ಟು ರಕ್ತ ಒಸರುತ್ತಿತ್ತು. “ಹಂದಿ ಇತ್ತು ಸರ್. ಇವರು ಕಡಿಯದಿದ್ರೆ ನಾನು ಇರ್ತಿರಲಿಲ್ಲ” ಎಂದ. ಎಲ್ಲಿ ಎಂದು ಕೇಳಿದ್ದಕ್ಕೆ, “ಚಿಕ್ಕಮ್ಮನ ಮರಗೆಣಸಿನ ಒಳಗೆ” ಎಂದ.

ಅಂತಿಮ ನಕ್ಷೆಯಲ್ಲಿ ಪಾದೆಮೂಲೆಯ ಹಳದಿಯ ನಡುವೆ ಒಂದು ಸಣ್ಣ ಹಸಿರು ಚುಕ್ಕೆ ಉಂಟು. ಕೆಂಪು ಗೆರೆ ಅಲ್ಲಿಗೆ ಬಂದು ಬದಿಗೆ ತಿರುಗುತ್ತದೆ. ಪೂವಮ್ಮನ ಮೇಲೆ ಕಾಡುಹಂದಿಯೊಂದನ್ನು ಪೂರ್ತಿ ತಿಂದ ಕೇಸು ನಡೆಯುತ್ತಿದೆ. ಹೇಳಿಕೆ ಬರೆದುಕೊಂಡವನು ತಿರುಮಲೇಶ್ವರನೇ. ಜಾಗ ಹಸಿರಾದ್ದರಿಂದ ಕೋವಿಗೆ ಅರ್ಹತೆ ಉಂಟು, ಆದರೆ ಕೇಸು ನಡೆಯುತ್ತಿರುವವರಿಗೆ ಕೋವಿ ಕೊಡುವ ಹಾಗಿಲ್ಲ ಎಂದು ಸ್ಟೇಷನಿನಲ್ಲಿ ಹೇಳಿದರು. ಕತ್ತಿಯೂ ಸಾಕ್ಷಿಯಾಗಿ ಕೋರ್ಟಿಗೆ ಹೋಯಿತು.

ನಕ್ಷೆ ನೋಡಿ ಬಂದ ಸಂಜೆಯೇ ಗೆಣಸಿನ ಮೇಲ್ಬದಿಯಲ್ಲಿ ಗುಟುರು ಕೇಳಿತು. ಪೂವಮ್ಮ ನೇರ ಜಯಪ್ರಕಾಶನ ಅಂಗಳಕ್ಕೆ ಹೋದಳು.

“ನಿನ್ನ ಮನೆಯ ಕತ್ತಿ ಕೊಡು. ನನ್ನದು ಕೋರ್ಟಿನಲ್ಲಿ ಉಂಟು.”

ಅವನು ಕುಂಟುತ್ತ ಒಳಗೆ ಹೋಗಿ ಕತ್ತಿ ತಂದ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂಬುದು ಊರಿನ ನಂಬಿಕೆ. ನೆಲದ ಮೇಲಿಡಲು ಅವನು ಸೊಂಟ ಹಿಡಿದುಕೊಂಡು ಬಗ್ಗತೊಡಗಿದ.

“ಬಗ್ಗಬೇಡ, ಪುನಃ ಹೊಲಿಗೆ ಬಿಟ್ಟೀತು. ಕೈಗೇ ಕೊಡು” ಎಂದಳು ಪೂವಮ್ಮ. “ನಮ್ಮೊಳಗೆ ಇನ್ನೆಂತ ಜಗಳ ಬಾಕಿ ಉಂಟು?”

ಅವನು ಹಿಡಿಯನ್ನು ಅವಳ ಕಡೆಗೆ ಮಾಡಿ ಕೊಟ್ಟ. ಅವಳು ಅಲಗಿನ ಮೇಲೆ ಅರ್ಧ ಬೆರಳು ಆಡಿಸಿ ನೋಡಿದಳು.

“ಇದರಲ್ಲಿ ಬಸಳೆ ದಂಟು ಕೂಡ ತುಂಡಾಗುದಿಲ್ಲ. ಇಂಥ ಕತ್ತಿ ಇಟ್ಟುಕೊಂಡು ನನ್ನ ಜಾಗಕ್ಕೆ ಬಂದದ್ದಾ ನೀನು?”

ಗೆಣಸಿನ ಬದಿಗೆ ಹೋಗಿ, ರಸ್ತೆಗೆಂದು ಅವನು ತಂದು ಹಾಕಿದ್ದ ರಾಶಿಯಿಂದ ಒಂದು ಚಪ್ಪಟೆ ಕಲ್ಲು ಆರಿಸಿ, ಕುಕ್ಕರಗಾಲಿನಲ್ಲಿ ಕೂತು, ಉಗುಳು ಹಾಕಿ ಕತ್ತಿ ಮಸೆಯತೊಡಗಿದಳು. ಗಿಡಗಳು ಅಲುಗುತ್ತಿದ್ದವು.